ತೋಳಿನ ಅಳತೆ

ವೀಣಾ, ನೀನು ಕದ್ದು ತಿನ್ನುತ್ತೀಯ ಎಂದು ಡಾಕ್ಟರಿಗೆ ಹೇಳಿದವಳು ನಾನು. ಅತ್ತೆಯಲ್ಲ.

ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಟ್ಟೆ, ಯಾಕೆಂದರೆ ನನ್ನ ಸ್ವಭಾವ ನನಗೆ ಗೊತ್ತು. ಸುತ್ತಿ ಬಳಸಿ ಹೇಳುತ್ತಾ ಹೋದರೆ ಕೊನೆಗೆ ಹೇಳದೆಯೇ ಎದ್ದುಬಿಡುತ್ತೇನೆ. ಮೂರು ವರ್ಷದಿಂದ ಹಾಗೆಯೇ ಮಾಡುತ್ತಾ ಬಂದಿದ್ದೇನೆ. ನಿನ್ನ ಎದುರು ಕುಳಿತು, ಇವತ್ತು ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆಯುತ್ತೇನೆ— ಕಾಫಿ ಕುಡೀತೀಯಾ ಎಂದು ಕೇಳುತ್ತೇನೆ.

ಮೊನ್ನೆ ಗುರುವಾರ ನೀನು ಅಂಗಡಿಗೆ ಬಂದೆ. ಕೆ.ಆರ್. ಪುರದ ಹೊಸ ಮನೆಯ ಗೃಹಪ್ರವೇಶಕ್ಕೆ ಹಸಿರು ಬ್ಲೌಸ್ ಬಟ್ಟೆ ತಂದಿದ್ದೆ. ಭಾನುವಾರ ಬಂದು ಅಳತೆ ಕೊಡುತ್ತೇನೆ ಎಂದೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಅತ್ತೆ ಆ ಮಾತು ಹೇಳಿದ್ಮೇಲೆ ಈ ಮನೆ ಅನ್ನ ನನ್ ಗಂಟಲಲ್ಲಿ ಇಳಿತಾನೇ ಇಲ್ಲ ಅಕ್ಕ. ಅದಕ್ಕೇ ಹೋಗ್ತಿರೋದು. ಈ ಮನೇಲಿ ನನ್ನ ನಂಬಿದ್ದು ನೀವೊಬ್ರೇ" ಎಂದೆ. ನಾನು ತುಟಿಯ ಮಧ್ಯೆ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದೆ. ಮಾತಾಡದೆ ಇರುವುದಕ್ಕೆ ನಮ್ಮ ಕಸುಬಿನಲ್ಲಿ ಅದೊಂದು ಒಳ್ಳೆಯ ನೆಪ. ನೀನು ಹೋದ ಮೇಲೂ ಬಹಳ ಹೊತ್ತು ಆ ಸೂಜಿಗಳನ್ನು ತೆಗೆಯಲಿಲ್ಲ.

ಇದನ್ನು ಅಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಶನಿವಾರದ ಮಧ್ಯಾಹ್ನ, ಶಟರ್ ಅರ್ಧ ಎಳೆದಿದ್ದೇನೆ. ಹೊರಗೆ ಹಲಸೂರಿನ ಬಜಾರು ತನ್ನ ಪಾಡಿಗೆ ತಾನು ಕೂಗಾಡುತ್ತಿದೆ.

ಯಾಕೆ ಹಾಗೆ ಹೇಳಿದೆ ಎಂದು ನೀನು ಕೇಳುತ್ತೀಯ. ಹೊಟ್ಟೆಕಿಚ್ಚು. ಇದಕ್ಕಿಂತ ಮರ್ಯಾದೆಯ ಹೆಸರು ಯಾವುದಾದರೂ ಇದೆಯೇ ಎಂದು ತುಂಬಾ ಹುಡುಕಿದೆ, ಸಿಗಲಿಲ್ಲ. ಹೊಟ್ಟೆಕಿಚ್ಚೇ.

ನಾನು ನಿನ್ನನ್ನು ಮೊದಲು ಅರಿತದ್ದು ಅಳತೆ ಟೇಪಿನಿಂದ. ನಿಶ್ಚಿತಾರ್ಥವಾದ ವಾರದಲ್ಲೇ ಅತ್ತೆ ನಿನ್ನನ್ನು ಅಂಗಡಿಗೆ ಕರೆತಂದಿದ್ದರು. ಹಿರಿಯ ಸೊಸೆ ಹೊಲಿದ ಬ್ಲೌಸನ್ನೇ ಕಿರಿಯ ಸೊಸೆ ಧಾರೆಗೆ ಹಾಕಿಕೊಳ್ಳಬೇಕು ಎಂದು ಅವರಿಗೆ ಆಸೆ. ನೀನು ನಗುತ್ತಾ ಎರಡೂ ಕೈ ಎತ್ತಿ ನಿಂತೆ. ಟೇಪು ನಿನ್ನ ಸೊಂಟವನ್ನು ಸುತ್ತಿ ಬಂದು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದು ನನ್ನ ಕೈಯಿಂದ ಜೋತುಬಿತ್ತು. ಅತ್ತೆ ಆ ಜೋತುಬಿದ್ದ ಟೇಪನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಾಯಿಬಿಟ್ಟು ಏನೂ ಅನ್ನಲಿಲ್ಲ— ಅಂದಿದ್ದರೆ ಒಂದು ಜಗಳವಾಡಿ ಹಗುರಾಗುತ್ತಿದ್ದೆ.

ಅಲ್ಲಿಂದ ಶುರುವಾಯಿತು. ನೀನು ತಿನ್ನುವುದನ್ನು ನಾನು ನೋಡುತ್ತಿದ್ದ ರೀತಿ ನಿನಗೆ ಗೊತ್ತಿಲ್ಲ. ಯುಗಾದಿಗೆ ನಾಲ್ಕು ಹೋಳಿಗೆ, ಮೇಲೆ ತುಪ್ಪ. ರಂಜಾನ್ ಹಬ್ಬಕ್ಕೆ ಶಿವಾಜಿನಗರದಿಂದ ನನ್ನ ಹೊಲಿಗೆ ಗುರು ಜಬೀನ್ ಆಪಾ ಕಳಿಸುತ್ತಿದ್ದ ಶೀರ್ ಖುರ್ಮಾ ಪಾಯಸ ಮೂರು ಬಟ್ಟಲು. "ಈ ಹುಡುಗಿ ತಿಂದಿದ್ದೆಲ್ಲ ಎಲ್ಲಿಗೋಗತ್ತೋ!" ಎಂದು ಅತ್ತೆ ಬಾಯಿ ಮೇಲೆ ಬೆರಳಿಡುತ್ತಿದ್ದರು. ಅದರಲ್ಲಿ ಬೈಗುಳವಿಲ್ಲ, ಹೆಮ್ಮೆ. ನಾನು ಅದೇ ಖುರ್ಮಾವನ್ನು ಒಂದು ಚಮಚ ಬಾಯಿಗಿಟ್ಟರೆ ಮಾತ್ರ ಮನೆಯವರ ಕಣ್ಣೆಲ್ಲ ನನ್ನ ಚಮಚದ ಮೇಲೆ. ಒಂದೇ ಕುಕ್ಕರಿನ ಅನ್ನ, ಒಂದೇ ಪಾತ್ರೆಯ ಸಾರು ವೀಣಾ. ನೀನು ಎರಡು ಸಲ ಬಡಿಸಿಕೊಳ್ಳುತ್ತಿದ್ದೆ, ನಾನು ಒಂದು ಸಲ. ನೀನು ಕಡ್ಡಿಯ ಹಾಗೇ ಇದ್ದೆ, ನಾನು ಊದುತ್ತಾ ಹೋದೆ.

ನಾನು ಯಾಕೆ ದಪ್ಪ ಎನ್ನುವುದು ಈ ಮನೆಯಲ್ಲಿ ಇಪ್ಪತ್ತು ವರ್ಷ ನಡೆದ ಚರ್ಚೆ. ಅತ್ತೆಯ ಪ್ರಕಾರ ಅನ್ನ. ನನ್ನ ಗಂಡನ ಪ್ರಕಾರ ದಿನವಿಡೀ ಮಿಷನ್ನಿನ ಮುಂದೆ ಕೂತೇ ಇರುವುದು. ನಮ್ಮಮ್ಮ, "ನಮ್ ವಂಶಾನೇ ಹಂಗೆ ಬಿಡು, ನಿಮ್ಮಜ್ಜಿ ಬಾಗಿಲಲ್ಲಿ ಅಡ್ಡ ಬರ್ತಿದ್ರು" ಎನ್ನುತ್ತಿದ್ದಳು. ಪಕ್ಕದ ಮನೆಯವರು ಥೈರಾಯ್ಡ್ ಎಂದರು— ಎರಡು ಸಲ ರಕ್ತ ಕೊಟ್ಟು ಬಂದೆ, ಏನೂ ಇಲ್ಲ ಎಂದಿತು ಕಾಗದ. ಮೊಬೈಲು ಒಂದು ದಿನ ಗೋಧಿ ಎನ್ನುತ್ತದೆ, ಇನ್ನೊಂದು ದಿನ ಎಣ್ಣೆ ಎನ್ನುತ್ತದೆ, ಬೆಳಗಿನ ತಿಂಡಿ ಬಿಡಲೇಬೇಕು ಎನ್ನುತ್ತದೆ, ಬಿಡಲೇಬಾರದು ಎನ್ನುತ್ತದೆ. ಎಲ್ಲದರಲ್ಲೂ ಒಂದೊಂದು ಚೂರು ನಿಜವಿರಬಹುದು. ಒಟ್ಟು ಕೂಡಿಸಿದರೆ ನಾನು ಆಗುತ್ತೇನೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ನಾನು ಕದ್ದು ತಿನ್ನುತ್ತಿರಲಿಲ್ಲ. ಅದೊಂದನ್ನು ಮಾತ್ರ ಯಾರೂ ನಂಬಲಿಲ್ಲ.

ನೀನೂ ನಂಬಲಿಲ್ಲ. ನೀನು ಮರೆತಿದ್ದೀಯ, ಮರೆಯುವಂಥ ಮಾತೇ ಅದು. ಮದುವೆಯಾದ ವರ್ಷ, ಗೌರಿ ಹಬ್ಬದ ದಿನ. ಎಲೆಯ ಮೇಲೆ ನಾನು ಒಂದೇ ಕಡುಬು ಹಾಕಿಸಿಕೊಂಡೆ. ನೀನು ಬಡಿಸುತ್ತಾ, "ಅಕ್ಕ ನಮ್ ಮುಂದೆ ಒಂದೇ ತಿಂತಾರೆ, ಮಿಕ್ಕಿದ್ದು ಅಂಗಡೀಲಿ ಕದ್ದು ತಿಂತಾರೇನೋ!" ಎಂದು ನಕ್ಕೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕೆ. ನಿನಗೆ ಆಗ ಇಪ್ಪತ್ತಮೂರು ವರ್ಷ, ಹೊಸ ಮನೆಯಲ್ಲಿ ಎಲ್ಲರನ್ನೂ ನಗಿಸುವ ಉತ್ಸಾಹ, ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದನ್ನು ನನ್ನ ತಪ್ಪಿಗೆ ಕಾರಣ ಅಂತ ಬರೆಯುತ್ತಿಲ್ಲ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು ಎಂದು ನಿನಗೆ ಗೊತ್ತಿರಲಿ ಅಂತ ಅಷ್ಟೆ. ಹನ್ನೆರಡು ವರ್ಷ ಅದನ್ನು ಎತ್ತಿಟ್ಟುಕೊಂಡಿದ್ದೆ. ಅಷ್ಟು ವರ್ಷ ಒಂದು ಸೀರೆಯನ್ನೂ ನಾನು ಅಷ್ಟು ಜೋಪಾನ ಮಾಡಿದವಳಲ್ಲ.

ಐದು ವರ್ಷದ ಹಿಂದೆ ನೀನು ದಪ್ಪಗಾಗತೊಡಗಿದೆ. ಮೊದಲು ಕಂಡುಹಿಡಿದದ್ದು ನಾನೇ, ನಿನಗೇ ಗೊತ್ತಾಗುವ ಮುಂಚೆ. ಹಳೆಯ ಬ್ಲೌಸ್ ಬಿಗಿಯಾಗಿದೆ ಎಂದು ತಂದೆ. ಟೇಪು ಹಿಡಿದೆ— ಎದೆ ಒಂದೂವರೆ ಇಂಚು ಹೆಚ್ಚು, ಸೊಂಟ ಎರಡು ಇಂಚು ಹೆಚ್ಚು. ಪುಸ್ತಕದಲ್ಲಿ ಬರೆದುಕೊಂಡು ಆ ಅಂಕಿಗಳ ಕೆಳಗೆ ಗೆರೆ ಎಳೆದದ್ದು ನೆನಪಿದೆ. ಸಂತೋಷಕ್ಕೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅವತ್ತು ಮನೆಗೆ ಹೋಗಿ ಯಾರ ಕಣ್ಣಿಗೂ ಹೆದರದೆ ಎರಡು ಚಪಾತಿ ಹೆಚ್ಚಿಗೆ ತಿಂದೆ.

ನಿನಗೆ ಅಳತೆ ಹೇಳಲಿಲ್ಲ. ಅದು ಜಬೀನ್ ಆಪಾ ಕಲಿಸಿದ ನಿಯಮ. ಕಸುಬು ಕಲಿಯಲು ಅವರ ಅಂಗಡಿಗೆ ಸೇರಿದ ಮೊದಲ ದಿನವೇ ಹೇಳಿದ್ದರು: "ಔರತ್‌ದು ಅಳತೆ ಬಾಯಲ್ಲಿ ಹೇಳ್ಬಾರ್ದು ಬೇಟಿ. ಅವಳಿಗೂ ಹೇಳ್ಬಾರ್ದು. ಪುಸ್ತಕದಲ್ಲಿ ಬರಿ, ಮುಚ್ಚಿಡು." ಹೆಣ್ಣುಮಕ್ಕಳು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಬಾರದು ಎಂದು ಮಾಡಿದ ನಿಯಮ ಅದು. ಪಕ್ಕದ ಹೊಲಿಗೆಯಲ್ಲಿ ಒಳಗೆ ಬಟ್ಟೆ ಬಿಟ್ಟಿರುತ್ತೇವೆ. ಗಿರಾಕಿ ದಪ್ಪಗಾದರೆ ಸದ್ದಿಲ್ಲದೆ ಬಿಡಿಸಿ ಕೊಡುತ್ತೇವೆ. "ಸರಿ ಮಾಡಿದೀನಿ, ಹಾಕ್ಕೊಂಡ್ ನೋಡಿ" ಎನ್ನುತ್ತೇವೆ, ಅಷ್ಟೆ. ನಿನ್ನ ಬ್ಲೌಸುಗಳನ್ನೂ ಹಾಗೆಯೇ ಬಿಡಿಸುತ್ತಾ ಹೋದೆ. ಒಳಗೆ ಬಿಟ್ಟ ಬಟ್ಟೆ ಮುಗಿದ ಮೇಲೆ ಕಂಕುಳ ಕೆಳಗೆ ಪಟ್ಟಿ ಸೇರಿಸಿದೆ.

ಆದರೆ ಒಂದು ದಿನ— ಇದನ್ನೇ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ— ನಿನ್ನ ನೀಲಿ ಬ್ಲೌಸಿಗೆ ಪಕ್ಕ ಬಿಡಿಸಿ, ತೋಳನ್ನು ಮಾತ್ರ ಹಿಡಿದು ಸಣ್ಣ ಮಾಡಬೇಕಾಯಿತು. ತೋಳು ಜೋಲಾಡುತ್ತದೆ ಎಂದು ನೀನೇ ಹೇಳಿದ್ದೆ. ಮೈ ಅಗಲವಾಗಿದೆ, ತೋಳು ಸಣ್ಣಗಾಗಿದೆ. ಹಳೆಯ ಪುಟ ತೆರೆದು ನೋಡಿದೆ. ಮದುವೆಯಲ್ಲಿ ತೋಳಿನ ಸುತ್ತಳತೆ ಒಂಬತ್ತೂವರೆ. ಆಮೇಲೆ ಒಂಬತ್ತು. ಈಗ ಎಂಟೂವರೆ. ಅದೇ ಪುಟಗಳಲ್ಲಿ ಸೊಂಟ ಇಪ್ಪತ್ತೇಳರಿಂದ ಮೂವತ್ತೈದಕ್ಕೆ ಬಂದಿತ್ತು. ಇಪ್ಪತ್ತನಾಲ್ಕು ವರ್ಷದ ಕಸುಬಿನಲ್ಲಿ ಒಂದೇ ಬ್ಲೌಸಿಗೆ ಪಕ್ಕ ಬಿಡಿಸಿ ತೋಳು ಹಿಡಿದದ್ದು ಅದೊಂದೇ ಸಲ.

ಶನಿವಾರ ಕತ್ತರಿಸುವ ಕೆಲಸಕ್ಕೆ ಜಬೀನ್ ಆಪಾ ಬರುತ್ತಿದ್ದರಲ್ಲ, ಅವರ ಕಣ್ಣಿಗೆ ಆ ಬ್ಲೌಸ್ ಬಿತ್ತು. ಕನ್ನಡಕ ಏರಿಸಿ ತಿರುಗಿಸಿ ನೋಡಿದರು.

"ಇದು ಯಾರ್ದು?"

"ನಮ್ ವೀಣಂದು ಆಪಾ. ಚೆನ್ನಾಗ್ ಮೈ ಬಂದಿದೆ."

"ಅರೆ, ತಿಂದು ಬಂದ ಮೈ ತೋಳಿಗೂ ಬರುತ್ತೆ. ನಿಂದು ನೋಡು, ನಂದು ನೋಡು. ಇದು ತಿಂದ ಮೈ ಅಲ್ಲ ಪ್ರೇಮಾ. ಒಳಗೆ ಏನೋ ಆಗಿದೆ ಆ ಹುಡುಗಿಗೆ. ಡಾಕ್ಟ್ರಿಗೆ ತೋರ್ಸು, ಈ ತೋಳಿನ ವಿಷಯ ಹೇಳು. ಬೇರೆಯವರಿಗೆ ಬೇಡ, ಡಾಕ್ಟ್ರಿಗೆ ಹೇಳ್ಬಹುದು."

ನೋಡು, ನಿಯಮ ಮಾಡಿದವರೇ ಬಿಡುಗಡೆ ಕೊಟ್ಟಿದ್ದರು. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗೇ ಇಲ್ಲ.

ಆದರೆ ಮನೆಯಲ್ಲಿ ಆಗ ಹೊಸ ಚರ್ಚೆ ಶುರುವಾಗಿತ್ತು, ಮತ್ತು ಅದು ನನ್ನ ಬಗ್ಗೆ ಅಲ್ಲ. ವೀಣಾ ಯಾಕೆ ದಪ್ಪಗಾದಳು? ಅತ್ತೆ ಅನ್ನ ಎಂದರು. ನಿನ್ನ ಗಂಡ ರಮೇಶ, ಇಂದಿರಾನಗರದ ಶಿಶುವಿಹಾರದಲ್ಲಿ ಮಕ್ಕಳು ಬಿಟ್ಟ ಬಿಸ್ಕತ್ತೆಲ್ಲ ಟೀಚರೇ ತಿನ್ನುತ್ತಾರೆ ಎಂದು ತಮಾಷೆ ಮಾಡಿದ. ನನ್ನ ಗಂಡ, ಮೆಟ್ರೋ ಬಂದ ಮೇಲೆ ನಡೆಯುವುದನ್ನೇ ಬಿಟ್ಟಳು ಎಂದರು. ನಾನು ಸೌತೆಕಾಯಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ತಟ್ಟೆಯನ್ನು ಯಾರೂ ನೋಡುತ್ತಿರಲಿಲ್ಲ. ಆ ಸುಖ— ಅದನ್ನು ಹೇಗೆ ಹೇಳಲಿ ನಿನಗೆ.

"ನಾನೇನೂ ತಿಂತಿಲ್ಲ ಅಕ್ಕ, ನಿಜವಾಗ್ಲೂ" ಎಂದು ನೀನು ನನ್ನ ಕೈ ಹಿಡಿದು ಹೇಳಿದೆ. ನನ್ನದೇ ಮಾತು ಅದು. ಅಕ್ಷರ ಬಿಡದೆ ನನ್ನದೇ. ಅದು ನಿಜ ಎಂದು ಈ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ನನಗೆ ಗೊತ್ತಿತ್ತು. ಒಂದೇ ಅಡುಗೆಮನೆ, ಬಡಿಸುತ್ತಿದ್ದವಳು ನಾನು, ನೀನು ಮುಟ್ಟದೆ ಬಿಟ್ಟ ಅನ್ನವನ್ನು ತಟ್ಟೆಯಿಂದ ತೆಗೆಯುತ್ತಿದ್ದವಳು ನಾನು. ನಾನು ನಿನ್ನ ಬೆನ್ನು ಸವರಿ, "ನಂಗೊತ್ತು ಬಿಡು" ಎಂದೆ. ಅದನ್ನೇ ನೀನು ನಂಬಿಕೆ ಎಂದುಕೊಂಡೆ.

ರಮೇಶನಿಗೆ ರಜೆ ಸಿಗಲಿಲ್ಲವೆಂದು ಡಾಕ್ಟರ ಹತ್ತಿರ ನಿನ್ನನ್ನು ನಾನು ಕರೆದುಕೊಂಡು ಹೋದೆ. ನಮ್ಮ ಬೀದಿಯ ಆ ಹಳೆಯ ಕ್ಲಿನಿಕ್ಕು. ಅತ್ತೆಗೆ ಮೂವತ್ತು ವರ್ಷದ ಪರಿಚಯದ ಡಾಕ್ಟರು. ಅವರು ಒಳ್ಳೆಯ ಮನುಷ್ಯ, ಅವರದೇನೂ ತಪ್ಪಿಲ್ಲ. ನಿನ್ನ ಮುಖ ನೋಡಿ, ಯಾವಾಗಿನಿಂದ, ಎಷ್ಟು ಬೇಗ, ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತದೆಯೇ ಎಂದು ಒಂದೊಂದೇ ಕೇಳಿದರು. ನೀನು ಎಲ್ಲದಕ್ಕೂ ಉತ್ತರ ಕೊಟ್ಟೆ. ಏನು ತಿನ್ನುತ್ತೀರಿ ಎಂದಾಗ ಬೆರಳು ಮಡಚಿ ಎಣಿಸಿದೆ— ಎರಡು ಇಡ್ಲಿ, ಒಂದು ಚಪಾತಿ, ಸ್ವಲ್ಪ ಅನ್ನ. ಅವರು ರಕ್ತಪರೀಕ್ಷೆಯ ಚೀಟಿ ತೆಗೆದು ಪೆನ್ನಿನ ಮುಚ್ಚಳ ತೆರೆದರು. ಅಷ್ಟರಲ್ಲಿ ನರ್ಸಮ್ಮ ತೂಕ ನೋಡಲು ನಿನ್ನನ್ನು ಹೊರಗೆ ಕರೆದಳು.

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಒಂದೇ ಮನೇಲಿರೋರು. ನಿಜ ಹೇಳಿಮ್ಮಾ, ಊಟ ಅಷ್ಟೇನಾ?"

ತೋಳಿನ ಅಳತೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಇಂಚು ಸಮೇತ. ಅದನ್ನು ಹೇಳಲೆಂದೇ ಬಂದಿದ್ದೆನೋ ಏನೋ— ಇಲ್ಲ, ಸುಳ್ಳು, ಹಾಗೆ ಬರೆದು ನನ್ನನ್ನು ನಾನೇ ಒಳ್ಳೆಯವಳು ಮಾಡಿಕೊಳ್ಳುವುದಿಲ್ಲ. ಏನು ಹೇಳಬೇಕೆಂದು ತೀರ್ಮಾನಿಸದೆ ಬಂದಿದ್ದೆ. ತೆರೆದ ಬಾಗಿಲಿನಿಂದ ನೀನು ತೂಕದ ಮಿಷನ್ನಿನ ಮೇಲೆ ನಿಂತಿರುವುದು ಕಾಣುತ್ತಿತ್ತು. ಅಷ್ಟು ಊದಿದ್ದರೂ ನಿನ್ನ ತೋಳು ಸಣ್ಣಗೆ, ಹುಡುಗಿಯ ತೋಳಿನ ಹಾಗಿತ್ತು. ದಪ್ಪಗಾದಾಗಲೂ ಇವಳಿಗೆ ತೋಳು ಸಣ್ಣಗೇ ಇರಬೇಕೇ ಎಂದುಕೊಂಡೆ. ಯಾವುದು ನಿನ್ನ ಕಾಯಿಲೆಯ ಗುರುತಾಗಿತ್ತೋ ಅದನ್ನೇ ಕಂಡು ಹೊಟ್ಟೆ ಉರಿದುಕೊಂಡವಳು ನಾನು.

"ಇಲ್ಲ ಡಾಕ್ಟ್ರೇ," ಎಂದೆ. "ಕದ್ದು ತಿಂತಾಳೆ."

ಅವರು ಸಣ್ಣಗೆ ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು. ಪರೀಕ್ಷೆಯ ಚೀಟಿಯನ್ನು ಪಕ್ಕಕ್ಕಿಟ್ಟು, ಡ್ರಾಯರಿನಿಂದ ಅಚ್ಚು ಹಾಕಿದ ಪಥ್ಯದ ಹಾಳೆ ತೆಗೆದರು. ನೀನು ಒಳಗೆ ಬಂದಾಗ ಅದನ್ನು ಕೈಗೆ ಕೊಟ್ಟು, "ಮುಚ್ಚಿಟ್ಟು ತಿಂದ್ರೆ ಔಷಧಿ ಕೆಲಸ ಮಾಡಲ್ಲಮ್ಮಾ" ಎಂದರು. ನಿನ್ನ ಮುಖ ಕೆಂಪಗಾಯಿತು. ಮೂರು ತಿಂಗಳಿಂದ ಅದು ಕೆಂಪಗೇ ಇತ್ತು, ಆದರೆ ಆಗ ಇನ್ನೂ.

ಮನೆಗೆ ನಡೆದು ಬರುವಾಗ ನೀನು ಕೇಳಿದೆ, "ಅತ್ತೆ ಫೋನ್ ಮಾಡಿ ಹೇಳಿರ್ತಾರೆ. ಅಲ್ವಾ ಅಕ್ಕ?"

"ಇರಬಹುದು" ಎಂದೆ. ಮೊದಲ ಸುಳ್ಳು ಹೊಟ್ಟೆಕಿಚ್ಚಿನದು. ಎರಡನೆಯದು ಹೇಡಿತನದ್ದು. ಯಾವುದು ದೊಡ್ಡದು ಎಂದು ನೀನೇ ಹೇಳಬೇಕು.

ಆಮೇಲಿನ ಒಂದೂವರೆ ವರ್ಷ ನಿನಗೆ ಗೊತ್ತೇ ಇದೆ. ನೀನು ಮಹಡಿಯಲ್ಲಿ ಬೇರೆ ಒಲೆ ಹೂಡಿದೆ. ಅತ್ತೆಯ ಕೈಯ ಕಾಫಿಯನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಕೆರೆಯ ಸುತ್ತ ನಡೆದೆ, ಜೀರಿಗೆ ನೀರು ಕುಡಿದೆ, ಒಂದು ಹೊತ್ತು ಊಟ ಬಿಟ್ಟೆ, ಆಮೇಲೆ ಎರಡು ಹೊತ್ತು ಬಿಟ್ಟೆ. ಮೈ ಇಳಿಯಲಿಲ್ಲ. ನೆಲದ ಮೇಲೆ ಕೂತರೆ ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಬಳೆ ತಾಗಿದರೂ ಕೈ ಕಪ್ಪಗೆ ಕಂದುತ್ತಿತ್ತು. ನಾನು ಅಳತೆ ತೆಗೆದುಕೊಳ್ಳುವಾಗ ನಿನ್ನ ಹೊಟ್ಟೆಯ ಮೇಲಿನ ನೇರಳೆ ಗೆರೆಗಳನ್ನು ಕಂಡೆ, ಕತ್ತಿನ ಹಿಂದೆ ಎದ್ದ ಗಂಟನ್ನು ಕಂಡೆ. ಬರೆದುಕೊಂಡೆ. ಹೊಲಿದುಕೊಟ್ಟೆ. ಹೇಳಬೇಕು ಎನ್ನಿಸಿದ ದಿನವೂ ಇತ್ತು. ಆದರೆ ಈಗ ಹೇಳಿದರೆ ಅವತ್ತು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ— ದಿನ ಕಳೆದಷ್ಟೂ ಆ ಪ್ರಶ್ನೆ ದೊಡ್ಡದಾಗುತ್ತಾ ಹೋಯಿತು.

ಆಮೇಲೆ ಆ ಬೆಳಿಗ್ಗೆ. ನೀನು ನೀರಿನ ಕ್ಯಾನು ಎತ್ತಲು ಬಗ್ಗಿದೆ. ನಿನ್ನ ಕೂಗು ಕೆಳಗಿನ ಅಡುಗೆಮನೆಗೆ ಕೇಳಿಸಿತು. ಬೆನ್ನುಮೂಳೆ ಕುಸಿದಿತ್ತು. ನಲವತ್ತು ತುಂಬದ ಹೆಣ್ಣಿಗೆ ಕ್ಯಾನು ಎತ್ತಿದರೆ ಮೂಳೆ ಯಾಕೆ ಕುಸಿಯುತ್ತದೆ ಎಂದು ಆಸ್ಪತ್ರೆಯ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಿಡದೆ ಕೇಳಿದಳು. ನಿನ್ನ ತೋಳನ್ನು ಎತ್ತಿ ನೋಡಿದಳು. ಹಾಸಿಗೆಯ ಸುತ್ತ ನಿಂತಿದ್ದ ನಮ್ಮನ್ನೆಲ್ಲ ನೋಡಿ, "ಕೈ ಯಾವಾಗಿಂದ ಇಷ್ಟು ಸಣ್ಣ ಆಗಿದೆ? ಯಾರಿಗಾದ್ರೂ ಗೊತ್ತಾ?" ಎಂದಳು.

ರಮೇಶ ಅತ್ತೆಯ ಮುಖ ನೋಡಿದ. ಅತ್ತೆ ನನ್ನ ಮುಖ ನೋಡಿದರು. ತಿಂಗಳು, ಇಂಚು, ಎಲ್ಲವೂ ನನ್ನ ಪುಸ್ತಕದಲ್ಲಿತ್ತು. ಆಟೋ ಹತ್ತಿದರೆ ಹತ್ತು ನಿಮಿಷ. "ಗೊತ್ತಿಲ್ಲ" ಎಂದೆ.

ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಯಲ್ಲಿ ಒಂದು ಗೆಡ್ಡೆ. ಅದು ಸುರಿಸುತ್ತಿದ್ದ ರಸವೇ ನಿನ್ನ ಮೈಯನ್ನು ಊದಿಸಿ, ತೋಳನ್ನು ಕರಗಿಸಿ, ಮೂಳೆಯನ್ನು ಟೊಳ್ಳು ಮಾಡಿತ್ತು. ಇದಕ್ಕೂ ಊಟಕ್ಕೂ ಸಂಬಂಧವೇ ಇಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ರಮೇಶ ಅತ್ತ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಏನು ಮಾಡಿದೆ ಗೊತ್ತೇ? ಇದನ್ನು ಓದಿದ ಮೇಲೆ ನೀನು ನನ್ನನ್ನು ಕ್ಷಮಿಸುವುದಿಲ್ಲ, ಆದರೂ ಬರೆಯುತ್ತೇನೆ. ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು. ನಿನ್ನ ಮೈಗೆ ಒಂದು ಕಾರಣ ಸಿಕ್ಕಿತು. ಹೆಸರಿರುವ ಕಾರಣ, ಸ್ಕ್ಯಾನ್ ಹಿಡಿದು ತೋರಿಸುವ ಕಾರಣ. ಎಲ್ಲರೂ ಪಾಪ ಎಂದರು. ನೀನು ತಪ್ಪು ಮಾಡಿದವಳಲ್ಲ ಎಂದಾಯಿತು. ನಾನು ಮಾತ್ರ ಇನ್ನೂ ತಿನ್ನುವವಳಾಗಿಯೇ ಉಳಿದೆ.

ಎಲ್ಲರೂ ಹೋದ ಮೇಲೆ ಕಾರಿಡಾರಿನಲ್ಲಿ ಆ ಡಾಕ್ಟರಮ್ಮನ ಹಿಂದೆ ಓಡಿದೆ. ಪುಸ್ತಕದ ವಿಷಯ ಹೇಳುವುದಕ್ಕಲ್ಲ. "ಹಾಗಾದ್ರೆ ನಂದು? ನಂದು ಯಾವ ಗ್ರಂಥಿ ಮೇಡಂ?" ಎಂದು ಕೇಳುವುದಕ್ಕೆ.

ಅವಳು ನಗಲಿಲ್ಲ. "ಹೆಚ್ಚಿನವ್ರಿಗೆ ಒಂದೇ ಕಾರಣ ಅಂತ ಇರಲ್ಲಮ್ಮಾ. ಮನೆತನ, ನಿದ್ದೆ, ಕೆಲಸ, ಊಟ, ವಯಸ್ಸು, ಎಲ್ಲ ಸೇರಿರತ್ತೆ. ಇದ್ರಲ್ಲಿ ನಮಗೂ ಗೊತ್ತಿಲ್ದೇ ಇರೋದು ಬಹಳ ಇದೆ. ನೀವೊಂದ್ಸಲ ಬನ್ನಿ, ನೋಡೋಣ" ಎಂದಳು. ಆಮೇಲೆ, "ತಿನ್ನೋದನ್ನ ಕಮ್ಮಿ ಮಾಡಿ ಅಂತ ಎಲ್ರೂ ಹೇಳಿರ್ತಾರೆ ಅಲ್ವಾ?" ಎಂದಳು. ನನಗೆ ಅಳು ಬಂತು. ಇಪ್ಪತ್ತು ವರ್ಷದಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕ್ಲಿನಿಕ್ಕಿನಲ್ಲಿ ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು, ನಿನ್ನನ್ನೂ ಯಾರೋ ಒಬ್ಬರು ಹಾಗೆ ಕೇಳುತ್ತಿದ್ದರು.

ಆಪರೇಷನ್ ಆಯಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿದೆ. ಮುಖದ ಕೆಂಪು ಇಳಿಯಿತು, ಹೊಟ್ಟೆ ಇಳಿಯಿತು, ತೋಳಿಗೆ ಸ್ವಲ್ಪ ಸ್ವಲ್ಪವೇ ಮಾಂಸ ಬಂತು. ಕಳೆದ ದೀಪಾವಳಿಗೆ ಬ್ಲೌಸ್ ಹೊಲಿಯಲು ಅಳತೆ ತೆಗೆದಾಗ ಸೊಂಟ ಮೂವತ್ತಕ್ಕೆ ಬಂದಿತ್ತು. ತೋಳು ಒಂಬತ್ತು. ಎಲ್ಲವೂ ಹಿಂದಕ್ಕೆ ಬರುತ್ತಿದೆ ಎಂದು ಸಮಾಧಾನಪಟ್ಟುಕೊಂಡೆ. ಆಮೇಲೆ ಬೆನ್ನಿನ ಉದ್ದಕ್ಕೆ ಟೇಪು ಇಟ್ಟೆ. ಮದುವೆಯಲ್ಲಿ ಹದಿನಾಲ್ಕೂವರೆ ಇತ್ತು. ಈಗ ಹದಿಮೂರೂವರೆ.

ತಪ್ಪು ಹಿಡಿದೆನೇನೋ ಎಂದು ಮೂರು ಸಲ ಇಟ್ಟು ನೋಡಿದೆ. ನೀನು, "ಯಾಕಕ್ಕ, ಕಣ್ಣು ಕಾಣ್ತಿಲ್ವಾ?" ಎಂದು ನಕ್ಕೆ. ಕುಸಿದ ಮೂಳೆ ಮತ್ತೆ ಏಳುವುದಿಲ್ಲವಂತೆ. ನಾನು ಎಷ್ಟೋ ಬ್ಲೌಸ್ ಬಿಡಿಸಿ ಕೊಟ್ಟಿದ್ದೇನೆ, ಕೆಟ್ಟ ಹೊಲಿಗೆಯನ್ನೆಲ್ಲ ಬಿಚ್ಚಿ ಸರಿ ಮಾಡಿದ್ದೇನೆ. ಆ ಒಂದು ಇಂಚಿಗೆ ನನ್ನ ಕೈಯಲ್ಲಿ ಏನೂ ಇಲ್ಲ.

ಅವತ್ತೇ ರಕ್ತಪರೀಕ್ಷೆ ಆಗಿದ್ದರೆ ಆ ಇಂಚು ಉಳಿಯುತ್ತಿತ್ತೇ? ಡಾಕ್ಟರಮ್ಮನನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಉಳಿಯುತ್ತಿತ್ತು ಎಂದೇ ತಿಳಿದುಕೊಂಡಿದ್ದೇನೆ. ಇಲ್ಲವೆಂದು ತಿಳಿದುಕೊಂಡರೆ ನನಗೆ ಅನುಕೂಲ, ಅದಕ್ಕೇ ಹಾಗೆ ತಿಳಿದುಕೊಳ್ಳುವುದಿಲ್ಲ.

ಇವತ್ತು ಬೆಳಿಗ್ಗೆ ಅತ್ತೆಗೆ ಹೇಳಿದೆ. ನಿನಗಿಂತ ಮೊದಲು ಅವರಿಗೆ ಹೇಳಿದ್ದು ಸರಿಯೋ ತಪ್ಪೋ, ಆದರೆ ಅವರ ಹೆಸರಿನಲ್ಲಿ ನಾನು ಮೂರು ವರ್ಷ ಬದುಕಿದ್ದೇನೆ. ಅವರು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಲಿಲ್ಲ. ಬೈಯುತ್ತಾರೆ ಎಂದು ಕಾದೆ.

"ಮೂರು ವರ್ಷದಿಂದ ಅವಳು ನನ್ ಕೈಲಿ ಕಾಫೀನೂ ಇಸ್ಕೊಳ್ಲಿಲ್ಲ," ಎಂದರು. "ನಾನೇನ್ ಮಾಡ್ದೆ ಅಂತ ದಿನಾ ಯೋಚ್ನೆ ಮಾಡ್ತಿದ್ದೆ ಕಣೇ." ಇನ್ನೊಂದು ಕಾಯಿಯ ನಾರು ಎಳೆದು, "ಅವಳಿಗೆ ಹೇಳಿದ್ಯಾ?" ಎಂದರು.

ಇಲ್ಲ ಎಂದೆ.

"ಹೋಗ್ ಹೇಳು. ನಂಗೇನ್ ಹೇಳ್ತೀಯಾ."

ಅದಕ್ಕೇ ಈ ಕಾಗದ. ಬಾಯಲ್ಲಿ ಹೇಳಿದರೆ ನಡುವೆ ಎಲ್ಲಾದರೂ ನಿನ್ನ ಕಣ್ಣೀರು ನೋಡಿ ನಾನು ಅತ್ತುಬಿಡುತ್ತೇನೆ, ನೀನು ನನ್ನನ್ನೇ ಸಮಾಧಾನ ಮಾಡಲು ಬರುತ್ತೀಯ. ಅದು ಬೇಡ. ಈ ಕಾಗದದ ಜೊತೆ ಅಳತೆ ಪುಸ್ತಕವನ್ನೂ ಇಟ್ಟಿದ್ದೇನೆ. ನಿನ್ನ ಪುಟಗಳಿಗೆ ಹಸಿರು ಬ್ಲೌಸ್ ಬಟ್ಟೆಯ ಚೂರನ್ನೇ ಗುರುತು ಹಾಕಿದ್ದೇನೆ. ಮೊದಲ ಪುಟದಿಂದ ನೋಡು, ತೋಳಿನ ಸಾಲನ್ನು ನೋಡು. ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಯಾವ ಹೆಣ್ಣಿಗೂ ಈ ಪುಸ್ತಕ ತೋರಿಸಿಲ್ಲ. ನಿನ್ನ ಡಾಕ್ಟರಮ್ಮನಿಗೆ ಬೇಕಾದರೆ ಕೊಡು. ರಮೇಶನಿಗೆ ತೋರಿಸು. ಇಡೀ ಮನೆಗೆ ಓದಿ ಹೇಳು, ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದಿಲ್ಲ.

ಕೆ.ಆರ್. ಪುರಕ್ಕೆ ಹೋಗಬೇಕೆನ್ನಿಸಿದರೆ ಹೋಗು, ವೀಣಾ. ಆದರೆ ಅತ್ತೆಯ ಮೇಲಿನ ಸಿಟ್ಟಿಗೆ ಹೋಗಬೇಡ. ಹೊರಡುವ ಮುಂಚೆ ಅವರ ಕೈಯ ಕಾಫಿ ಒಂದು ಲೋಟ ಕುಡಿದು ಹೋಗು. ಸಿಟ್ಟು ಇಳಿಸಬೇಕಾದ ಜಾಗ ಈ ಅಂಗಡಿ.

ಹಸಿರು ಬಟ್ಟೆಯನ್ನು ಇನ್ನೂ ಕತ್ತರಿಸಿಲ್ಲ, ಮಡಿಸಿಟ್ಟಿದ್ದೇನೆ. ಬೇರೆ ಕಡೆ ಹೊಲಿಸಿಕೊಳ್ಳುವುದಾದರೆ ತೆಗೆದುಕೊಂಡು ಹೋಗು, ಉದ್ದ ಹದಿಮೂರೂವರೆ ಎಂದು ಅವರಿಗೆ ಮರೆಯದೆ ಹೇಳು. ನಾಳೆ ಭಾನುವಾರ ಹತ್ತು ಗಂಟೆಯಿಂದ ಅಂಗಡಿ ತೆರೆದಿರುತ್ತದೆ. ಟೇಪು ಹಿಡಿದುಕೊಂಡು ನಿಂತಿರುತ್ತೇನೆ. ಕೈ ಎತ್ತು ಎಂದು ನಾನಾಗಿ ಹೇಳುವುದಿಲ್ಲ.